ಎಲ್ಲರ ಮನೆಯ ಹಿಟ್ಟು

ಕೃಪಾ, ಜೀವನ್, ನಿನ್ನೆ ಭಾನುವಾರ ಬೆಳಿಗ್ಗೆ ಹಂಚಿನ ಮೇಲೆ ರೊಟ್ಟಿಯ ಅಂಚು ಹೊತ್ತಿದಾಗ ನೀವಿಬ್ಬರೂ ಮೂಗು ಮುಚ್ಚಿಕೊಂಡು ಕಿಟಕಿ ತೆರೆದಿರಿ. ನಾನು ಗ್ಯಾಸ್ ಆರಿಸುವುದನ್ನೂ ಮರೆತು ಹಾಗೇ ನಿಂತುಬಿಟ್ಟೆ. ಅಜ್ಜಿಗೆ ವಯಸ್ಸಾಯಿತು, ಮರೆವು ಬಂತು ಎಂದು ನೀವು ಕಣ್ಣಲ್ಲೇ ಮಾತಾಡಿಕೊಂಡದ್ದು ನನಗೆ ಕಾಣಿಸಿತು. ಅದು ಮರೆವಲ್ಲ ಮಕ್ಕಳೇ. ಜೋಳದ ರೊಟ್ಟಿಯ ಅಂಚು ಹೊತ್ತಿದ ವಾಸನೆ ಬಂದರೆ ನನಗೆ ಕಲಬುರಗಿಯ ಖೂಬಾ ಪ್ಲಾಟಿನ ಈ ಅಡುಗೆಮನೆ ಕಾಣುವುದಿಲ್ಲ. ಕಮಲಾಪುರದ ನಮ್ಮ ಕ್ರೈಸ್ತ ಸಭೆಯ ಸಣ್ಣ ದೇವಾಲಯ ಕಾಣುತ್ತದೆ, ಅದರ ಹಿಂದಿನ ಬೇವಿನ ಮರ ಕಾಣುತ್ತದೆ, ಮರದ ಕೆಳಗೆ ಮೂರು ಕಲ್ಲಿನ ಒಲೆ ಕಾಣುತ್ತದೆ. ಆ ಹೊತ್ತಿಗೇ ಜೀವನ್, ನೀನು ಆ ಮಾತು ಆಡಿದೆ. "ಅಜ್ಜೀ, ಇನ್ನ ಮ್ಯಾಲ ನಾ ಮೊಬೈಲಿನಾಗೇ ಆರಾಧನಿ ನೋಡ್ತೀನಿ. ದೇವರು ಎಲ್ಲಾ ಕಡಿ ಅದಾನಲ್ಲ, ಅಲ್ಲಿಗಿ ಹೋಗಿ ಆ ಮಂದಿ ಮಾರಿ ಯಾಕ ನೋಡಬೇಕು?" ಎಂದೆ. ಕೃಪಾ ನಕ್ಕಳು. "ಹಾಡಿನ ಗುಂಪಿನಾಗ ಒಬ್ಬ ಹುಡುಗ ಇವನ ಗಿಟಾರ್ ಬ್ಯಾಡ ಅಂದಾನ ಅಜ್ಜೀ, ಅದಕ ಸಿಟ್ಟು" ಎಂದಳು. ನಾನು ಹೊತ್ತಿದ ರೊಟ್ಟಿ ಇಳಿಸಿ ಗ್ಯಾಸ್ ಆರಿಸಿದೆ. ನಾಲ್ಕು ಜನರ ಮುಂದೆ ಮಾತಾಡುವುದು ನನಗೆ ಈಗಲೂ ಆಗುವುದಿಲ್ಲ, ಮೊಮ್ಮಕ್ಕಳ ಮುಂದೆ ಕೂಡ. ನಿಮ್ಮ ತಾತ ಇದ್ದಾಗ ನನ್ನ ಪಾಲಿನ ಮಾತನ್ನೂ ಅವರೇ ಆಡುತ್ತಿದ್ದರು. ಈಗ ಅವರಿಲ್ಲ. ಹಳ್ಳಿಯ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಅಪ್ಪ ಅವ್ವ ದುಡಿಯಲು ಕಲ್ಲುಗಣಿಯ ಕಡೆ ಹೋಗಿದ್ದರು. ನಾನು ಕಮಲಾಪುರದಲ್ಲಿ ಅಪ್ಪನ ತಾಯಿ ತಂದೆಯ ಬಳಿ ಬೆಳೆದೆ. ಅವರನ್ನು ನಾನು ಆಯಿ, ಮುತ್ಯಾ ಎಂದು ಕರೆಯುತ್ತಿದ್ದೆ. ಮಣ್ಣಿನ ಮಾಳಿಗೆಯ ಮನೆ, ಒಳಗೆ ಪರ್ಸಿ ಚಪ್ಪಡಿ ಕಲ್ಲಿನ ನೆಲ. ಬೇಸಿಗೆಯ ಮಧ್ಯಾಹ್ನ ಆ ನೆಲದ ಮೇಲೆ ಕೆನ್ನೆಯಿಟ್ಟು ಮಲಗಿದರೆ ಬಾವಿಯ ನೀರಿಗೆ ಮುಖ ಕೊಟ್ಟಂತೆ ತಂಪಾಗುತ್ತಿತ್ತು. ಮೂಲೆಯ ಕೋಣೆಯಲ್ಲಿ ಹುಲ್ಲು ಹಾಸಿ ಕೆಂಪು ಬಾಳೆಯ ಗೊನೆ ಇಟ್ಟಿರುತ್ತಿದ್ದರು. ಮುತ್ಯಾ ಮಂದಿಯ ಬಾಳೆ ತೋಟದಲ್ಲಿ ದುಡಿಯುತ್ತಿದ್ದ, ಗಾಳಿಗೆ ಬಿದ್ದ ಗಿಡದ ಗೊನೆಯನ್ನು ಅವನಿಗೇ ಕೊಡುತ್ತಿದ್ದರು. ಆ ಹಣ್ಣು ಮಾಗುತ್ತಾ ಬಂದ ಹಾಗೆ ಇಡೀ ಮನೆ ಸಿಹಿಯಾಗಿ ಘಮ್ಮೆನ್ನುತ್ತಿತ್ತು, ನಮ್ಮ ಬಟ್ಟೆಗೂ ಅದೇ ಘಮ ಹತ್ತುತ್ತಿತ್ತು. ಶಾಲೆಯಲ್ಲಿ ಪಕ್ಕದ ಹುಡುಗಿ ನನ್ನ ತೋಳು ಮೂಸಿ ನೋಡಿ "ಹಣ್ಣಾಗೀದಿ ನೀ" ಎಂದು ಕಾಡುತ್ತಿದ್ದಳು. ಮುತ್ಯಾ ನಮ್ಮ ಸಭೆಯ ಹಿರಿಯ. ಪಾಸ್ಟರು ಕಲಬುರಗಿಯಿಂದ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದರು. ಉಳಿದ ಭಾನುವಾರ ಮುತ್ಯಾನೇ ವಾಕ್ಯ ಓದಿ, ಪ್ರಾರ್ಥನೆ ಮಾಡಿಸುತ್ತಿದ್ದ. ಆಯಿ ನನ್ನ ಹಾಗೆ. ಅಲ್ಲ, ನಾನು ಆಯಿಯ ಹಾಗೆ. ಸಭೆಯಲ್ಲಿ ಸೆರಗು ಹೊದ್ದು ಗೋಡೆಗೆ ಒರಗಿ ಕೂತರೆ ಅವಳ ಉಸಿರೂ ಕೇಳುತ್ತಿರಲಿಲ್ಲ. ಹಾಡುವಾಗ ಕೂಡ ತುಟಿ ಮಾತ್ರ ಅಲ್ಲಾಡುತ್ತಿತ್ತು.

ಆದರೆ ಯೇಸಪ್ಪನ ನೆನಪಿಗೆ ಸಭೆಯವರು ಹಂಚಿ ತಿನ್ನುವ ಪ್ರಭು ಭೋಜನದ ರೊಟ್ಟಿ ಬಡಿಯುತ್ತಿದ್ದವಳು ಆಯಿಯೇ. ನಿಮಗೆ ಈಗ ಚರ್ಚಿನಲ್ಲಿ ಡಬ್ಬಿಯೊಳಗಿನ ತೆಳು ಬಿಳಿ ಬಿಲ್ಲೆ ಕೊಡುತ್ತಾರೆ. ನಮ್ಮೂರಲ್ಲಿ ಜೋಳದ ರೊಟ್ಟಿಯನ್ನೇ ಮುರಿದು ಕೊಡುತ್ತಿದ್ದರು. ಯಾವುದೋ ಬರದ ವರ್ಷ ಒಂದು ಮನೆಯಲ್ಲೂ ರೊಟ್ಟಿಗಾಗುವಷ್ಟು ಹಿಟ್ಟು ಇರಲಿಲ್ಲವಂತೆ. ಆಗ ಹೆಂಗಸರೆಲ್ಲ ಮನೆಗೊಂದು ಹಿಡಿ ತಂದು ಸೇರಿಸಿ ಒಂದು ರೊಟ್ಟಿ ಮಾಡಿದರಂತೆ. ಬರ ಹೋಯಿತು, ಪದ್ಧತಿ ಉಳಿಯಿತು. ಪಾಸ್ಟರು ಬರುವ ಹಿಂದಿನ ದಿನ, ಶನಿವಾರ ಸಂಜೆ, ಸಭೆಯ ಎಲ್ಲ ಮನೆಯ ಹೆಂಗಸರು ಸೆರಗಿನಲ್ಲೋ ಮುಷ್ಟಿಯಲ್ಲೋ ಹಿಟ್ಟು ತಂದು ನಮ್ಮ ಕಟ್ಟೆಯ ಮೇಲಿದ್ದ ಕಟ್ಟಿಗೆಯ ಪರಾತಕ್ಕೆ, ಅಂದರೆ ಹಿಟ್ಟು ನಾದುವ ಅಗಲ ತಟ್ಟೆಗೆ, ಹಾಕುತ್ತಿದ್ದರು. ಒಬ್ಬರದು ಹಾಲಿನಂಥ ಬಿಳಿ, ಒಬ್ಬರದು ಸ್ವಲ್ಪ ಮಾಸಲು, ಒಬ್ಬರದರಲ್ಲಿ ತೌಡು ಹೆಚ್ಚು. ಆಯಿ ಕೈಯಾಡಿಸಿದರೆ ಯಾವುದು ಯಾರದೆಂದು ಗೊತ್ತಾಗುತ್ತಿರಲಿಲ್ಲ. ಭಾನುವಾರ ರೊಟ್ಟಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮೇಜಿನ ಮೇಲಿಟ್ಟ ಮೇಲೆ ಮುತ್ಯಾ ಎದ್ದು ನಿಂತು ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದ. "ಎಲ್ಲರ ಮನಿ ಹಿಟ್ಟು ಬಂದದೇನ್ರೆವ್ವಾ?" ಹೆಂಗಸರು ಒಟ್ಟಿಗೆ "ಬಂದದ್ರೀ" ಎನ್ನುತ್ತಿದ್ದರು. ಆಮೇಲೆ ಪಾಸ್ಟರು ಪ್ರಾರ್ಥಿಸಿ ರೊಟ್ಟಿ ಮುರಿಯುತ್ತಿದ್ದರು.

ಆ ವರ್ಷ ಲಚಮವ್ವ ಎಂಬಾಕೆ ತನ್ನ ಮನೆಯವರೊಡನೆ ದೀಕ್ಷಾಸ್ನಾನ ತೆಗೆದುಕೊಂಡಳು. ಬಸ್ ನಿಲ್ದಾಣದಲ್ಲಿ ಬುಟ್ಟಿ ಇಟ್ಟುಕೊಂಡು ಬಾಳೆಹಣ್ಣು ಮಾರುವವಳು, ಬಾಯಿ ತುಂಬ ನಗು. ಅವಳ ಮನೆ ಹಳ್ಳದ ಆಚೆಯ ಓಣಿಯಲ್ಲಿತ್ತು. ಮಕ್ಕಳೇ, ಇದನ್ನು ಮುಚ್ಚಿಡದೆ ಹೇಳುತ್ತೇನೆ. ಊರವರು ನಮ್ಮನ್ನು ಬಾವಿಯಿಂದ ದೂರ ಇಟ್ಟವರೇ. ಆದರೂ ನಮ್ಮ ಓಣಿಯವರು ಹಳ್ಳದ ಆಚೆಯವರನ್ನು ತಮಗಿಂತ ಕೆಳಗಿನವರೆಂದು ತಿಳಿದಿದ್ದರು. ಯೇಸಪ್ಪನ ಹೆಸರು ಹಿಡಿದ ಮೇಲೂ ಆ ತಿಳಿವಳಿಕೆ ಹೋಗಿರಲಿಲ್ಲ. ಆ ಶನಿವಾರ ಲಚಮವ್ವ ಮುಷ್ಟಿಯಲ್ಲಿ ಹಿಟ್ಟು ಹಿಡಿದು ನಮ್ಮ ಕಟ್ಟೆಗೆ ಬಂದಾಗ, ಅಲ್ಲಿ ಕೂತಿದ್ದ ಮಾರ್ತವ್ವ ಪರಾತದ ಮೇಲೆ ಸೆರಗು ಎಳೆದಳು.

"ನಿಂದ್ ಬ್ಯಾಡ ಬೇ ಲಚಮಿ. ಸಾಕಾಗ್ಯದ ಹಿಟ್ಟು."

"ಸಾಕಾಗೋ ಮಾತಲ್ಲಲ್ರೀ ಅಕ್ಕೋರೆ. ಎಲ್ಲಾ ಮನಿಯವ್ರು ಹಾಕ್ತಾರಂತ ಪಾಸ್ಟರು ಹೇಳ್ಯಾರ."

"ಪಾಸ್ಟರ್‌ಗೇನ್ ಬೇ, ಬಸ್ಸಿಗಿ ಬರ್ತಾನ, ಬಸ್ಸಿಗಿ ಹೋಗ್ತಾನ. ಊರಾಗ ಇರೋರು ನಾವು."

ಮಾರ್ತವ್ವ ಕೆಟ್ಟವಳಲ್ಲ. ಯಾರಿಗೆ ಹೆರಿಗೆಯಾದರೂ ಮೊದಲು ಓಡುವವಳು ಅವಳೇ. ನಾಲಿಗೆ ಮಾತ್ರ ಹರಿತ. ಅಲ್ಲದೆ ನಮ್ಮ ಮನೆಗೆ ಬೀಗಿತ್ತಿಯಾಗುವವಳು. ಅಪ್ಪನ ತಂಗಿ ರೂತತ್ತೆಯನ್ನು ಅವಳ ಮಗನಿಗೆ ಕೊಡುವ ಮಾತಾಗಿತ್ತು, ಹೂವಿನ ಬಣ್ಣದ ಸೀರೆ ಬಂದು ಟ್ರಂಕಿನಲ್ಲಿ ಕೂತಿತ್ತು. ಲಚಮವ್ವ ಮುಷ್ಟಿ ಬಿಚ್ಚದೆ ಹಿಂದಿರುಗಿದಳು. ಬೆರಳ ಸಂದಿಯಿಂದ ಹಿಟ್ಟು ಸೋರಿ ಅಂಗಳದ ಉದ್ದಕ್ಕೂ ಬಿಳಿ ಗೆರೆ ಬಿತ್ತು, ನಮ್ಮ ಕೋಳಿಗಳು ಆ ಗೆರೆಯ ಹಿಂದೆಯೇ ಕೊಕ್ಕು ಬಡಿಯುತ್ತ ಹೋದವು. ಆಯಿ ಕೋಳಿಗಳನ್ನೇ ನೋಡುತ್ತ ಕೂತಿದ್ದಳು.

ಮರುದಿನ ರೊಟ್ಟಿ ಮೇಜಿನ ಮೇಲಿತ್ತು. ಮುತ್ಯಾ ಎಂದಿನಂತೆ ಕೇಳಿದ. ಹೆಂಗಸರು "ಬಂದದ್ರೀ" ಎಂದರು. ಆಯಿಯ ತುಟಿ ಅಲ್ಲಾಡಲಿಲ್ಲ. ಅಷ್ಟು ವರ್ಷ ಜೊತೆಗೆ ಬಾಳಿದವನಿಗೆ ಅಷ್ಟು ಸಾಕಾಯಿತು. "ರೊಟ್ಟಿ ಬಡದಾಕಿ ಸುಮ್ನ ಕುಂತಾಳಲ್ಲ. ಬಂದದೇನು?" ಎಂದು ಮತ್ತೆ ಕೇಳಿದ. ಆಯಿ ಗೋಡೆ ಹಿಡಿದು ಎದ್ದಳು. ಸಭೆಯಲ್ಲಿ ಅವಳು ಎದ್ದು ನಿಂತದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವಳ ಧ್ವನಿ ಒಡೆದಿತ್ತು. "ಇಲ್ರೀ. ಲಚಮವ್ವನ ಮನೀದು ಬಂದಿಲ್ಲ" ಎಂದಳು.

ಪಾಸ್ಟರು ಚಿಕ್ಕ ವಯಸ್ಸಿನವರು, ಗಾಬರಿಯಾದರು. "ಹಿರಿಯರೇ, ಇದು ನಿಮ್ಮೂರ ಪದ್ಧತಿ. ಪದ್ಧತಿ ಸಲುವಾಗಿ ಪ್ರಭು ಭೋಜನ ನಿಲ್ಲಸ್ಲಿಕ್ಕಾಗ್ತದೇನ್ರೀ?" ಎಂದರು.

"ಪದ್ಧತಿ ನಮ್ದು ರೀ ಪಾಸ್ಟರೇ, ಮೇಜು ನಮ್ದಲ್ಲ" ಎಂದ ಮುತ್ಯಾ. "ಮನಿ ಯಜಮಾನ ಎಲ್ಲರ್ನೂ ಊಟಕ್ಕ ಕರದಾನ. ನಾವು ಬಾಗಿಲ್ದಾಗ ನಿಂತು ಒಬ್ಬಾಕಿನ್ನ ತಡದು, ಒಳಗ ಹೋಗಿ ಉಂಡ್ರ ಯಜಮಾನಗ ಏನ್ ಮಾರಿ ತೋರಸಮ್ರೀ?"

ಅಂದು ಭೋಜನ ನಡೆಯಲಿಲ್ಲ. ರೊಟ್ಟಿ ಬಟ್ಟೆಯ ಸಮೇತ ಮನೆಗೆ ಬಂತು, ಯಾರೂ ಅದನ್ನು ಮುಟ್ಟಲಿಲ್ಲ. ಮಧ್ಯಾಹ್ನವೇ ಮಾರ್ತವ್ವ ಬಂದು ಬಾಗಿಲಲ್ಲಿ ನಿಂತು ಹೇಳಿದಳು. "ನೋಡು, ನೀನು ನಾನು ಸಣ್ಣವರಿದ್ದಾಗಿಂದ ಕೂಡಿ ಇದ್ದವರು. ಆಕಿ ಹಿಟ್ಟು ನಿನ್ನ ಪರಾತದಾಗ ಬಿದ್ದ ದಿನ ನನ್ನ ಮಗಂದು ನಿನ್ನ ಮಗಳದು ಮಾತು ಮುಗೀತು ಅಂತ ತಿಳ್ಕೋ." ಮುಂದಿನ ತಿಂಗಳು ಪಾಸ್ಟರು ಬಂದರು, ವಾಕ್ಯ ಹೇಳಿದರು, ಹೋದರು. ಆಯಿ ಪರಾತ ಹೊರಗಿಡಲಿಲ್ಲ. ಅದರ ಮುಂದಿನ ತಿಂಗಳೂ ಹಾಗೇ. ಲಚಮವ್ವ ಮಾತ್ರ ಪ್ರತಿ ಭಾನುವಾರ ಬಂದು ಬಾಗಿಲ ಬಳಿಯ ಚಾಪೆಯ ತುದಿಯಲ್ಲಿ ಕೂರುತ್ತಿದ್ದಳು. ಸಭೆಯಲ್ಲಿ ಜನ ಕಡಿಮೆಯಾಗುತ್ತ ಬಂದರು. ಮನೆಯಲ್ಲಿ ರೂತತ್ತೆ ಟ್ರಂಕು ತೆರೆದು ಸೀರೆಯನ್ನು ಮುಟ್ಟಿ ಮತ್ತೆ ಮುಚ್ಚುವುದನ್ನು ನಾನು ನೋಡುತ್ತಿದ್ದೆ. ರಸ್ತೆಯಲ್ಲಿ ಮಾರ್ತವ್ವನ ಮಗನ ಸೈಕಲ್ಲಿನ ಗಂಟೆ ಕೇಳಿದರೆ ಅವಳ ಕೈ ತಾನಾಗಿ ಕೂದಲಿಗೆ ಹೋಗುತ್ತಿತ್ತು. ಆಯಿಯೂ ಅದನ್ನು ನೋಡುತ್ತಿದ್ದಳು. ಆಯಿಯ ಬಾಯಿ ಕಟ್ಟಿದ್ದು ಆ ಕೈ.

ಮತ್ತೆ ಪಾಸ್ಟರು ಬರುವ ಹಿಂದಿನ ದಿನ, ಶನಿವಾರ ಮಧ್ಯಾಹ್ನ ಊಟವಾದ ಮೇಲೆ ರೂತತ್ತೆಯೇ ಬಾಯಿ ಬಿಟ್ಟಳು. "ಅವ್ವಾ, ಒಂದು ಹಿಡಿ ಹಿಟ್ಟಿಗಿ ಅಂಜೋ ಮನಿಗಿ ಹೋಗಿ ನಾ ಏನ್ ರೊಟ್ಟಿ ಬಡೀಲಿ? ನನ್ನ ಸಲುವಾಗಿ ನೀ ಸುಮ್ನ ಕುಂದರಬ್ಯಾಡ." ಹಾಗೆ ಹೇಳಿ ಮುಖ ತಿರುಗಿಸಿ ಪಾತ್ರೆ ತಿಕ್ಕಲು ಕೂತಳು, ಅವು ಬೆಳ್ಳಗಾದ ಮೇಲೂ ತಿಕ್ಕುತ್ತಲೇ ಇದ್ದಳು. ಆಯಿ ಎದ್ದು ಪರಾತ ತೊಳೆದು ಬಿಸಿಲಿಗೆ ಒಣಗಿಸಿದಳು. ಹೆಂಗಸರು ಬರಲಿ ಎಂದು ಅದನ್ನು ಕಟ್ಟೆಯ ಮೇಲಿಡಲಿಲ್ಲ. ಸಿಂಬೆ ಸುತ್ತಿ ತಲೆಯ ಮೇಲೆ ಹೊತ್ತು, ನನ್ನ ಕೈ ಹಿಡಿದು ಹೊರಟಳು. ನಮ್ಮ ಓಣಿಯ ಬಾಗಿಲುಗಳನ್ನೆಲ್ಲ ದಾಟಿದಳು, ಹಳ್ಳ ದಾಟಿದಳು, ನೇರ ಲಚಮವ್ವನ ಮನೆಯ ಮುಂದೆ ನಿಂತಳು.

ಲಚಮವ್ವ ಗಾಬರಿಯಿಂದ ಹೊರಗೆ ಬಂದಳು. "ಯವ್ವಾ, ನೀವ್ಯಾಕ ಬಂದ್ರಿ ಇಲ್ಲಿಗಿ?"

"ಹಿಟ್ಟಿಗಿ ಬಂದೀನಿ. ಹಾಕು."

"ಪರಾತ ಖಾಲಿ ಅದಲ್ರೀ! ಮೊದಲ ಅವ್ರೆಲ್ಲಾ ಹಾಕ್ಲಿ."

"ಅವ್ರು ಮ್ಯಾಲ ಹಾಕ್ತಾರ. ನೀ ತಳಕ್ಕ ಹಾಕು."

ಆಗ ಲಚಮವ್ವನಿಗೆ ಅರ್ಥವಾಯಿತು. ಕಣ್ಣು ತುಂಬಿಕೊಂಡವು, ಆದರೆ ಅವಳ ಬಾಯಿ ಸುಮ್ಮನಿರುವ ಬಾಯಲ್ಲ. "ಹೋದ ಸಲದ್ದು ನಿಮ್ಮ ಕೋಳಿಗಿ ಸೇರ್ತು. ಈ ಸಲದ್ದರ ಯೇಸಪ್ಪಗ ಸೇರಲಿ" ಎಂದಳು. ಆಯಿ ನಕ್ಕಳು. ಅವಳ ಮನೆಯ ನೀರು ಕೇಳಿ ಕುಡಿದಳು, ನನಗೂ ಕುಡಿಸಿದಳು. ಆಮೇಲೆ ನಾವು ತಿರುಗಿ ಬಂದು ನಮ್ಮ ಓಣಿಯ ಒಂದೊಂದೇ ಬಾಗಿಲಿಗೆ ಹೋದೆವು. ಪ್ರತಿ ಬಾಗಿಲಲ್ಲೂ ಆಯಿ ಪರಾತ ಇಳಿಸಿ ಅದೇ ಮಾತು ಹೇಳುತ್ತಿದ್ದಳು. "ತಳಕ್ಕ ಲಚಮವ್ವಂದದ. ಹಾಕ್ತಿದ್ರ ಹಾಕು." ಮೋಸ ಮಾಡಿ ಬೆರೆಸುವುದು ಅವಳಿಗೆ ಬೇಕಿರಲಿಲ್ಲ. ಒಬ್ಬಳು ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ, ಕೊನೆಗೆ ಬಂದು ಹಾಕಿದಳು. ಒಬ್ಬ ಮುದುಕಿ "ಇದಕ್ಕೇನ್ ಕೇಳ್ತಿ ಬೇ, ನನಗ ಕಣ್ಣೇ ಕಾಣ್ಸಲ್ಲ, ತಳ ಎಲ್ಲಿ ಮ್ಯಾಲ ಎಲ್ಲಿ" ಎಂದು ಎರಡು ಕೈಯಿಂದ ಸುರಿದಳು. ಕೊನೆಗೆ ಉಳಿದದ್ದು ಮಾರ್ತವ್ವನ ಮನೆ.

"ತಳದಾಗ ಏನದ?" ಎಂದಳು ಮಾರ್ತವ್ವ.

"ಹಿಟ್ಟದ."

"ಯಾರ್ದು?"

"ಸಭಾದ್ದು."

ಮಾರ್ತವ್ವ ಬಾಗಿಲು ಮುಚ್ಚಿದಳು. ಆಯಿ ಪರಾತ ಹೊತ್ತುಕೊಂಡು ಮನೆಗೆ ಬಂದಳು. ರೂತತ್ತೆ ನಮ್ಮ ಮುಖ ನೋಡಿ ಪರಾತ ಇಳಿಸಿಕೊಂಡಳು.

ಭಾನುವಾರ ಬೆಳಿಗ್ಗೆ ಆಯಿ ಹಿಟ್ಟು ನಾದಲಿಲ್ಲ. ಪರಾತ, ಹಂಚು, ಕಟ್ಟಿಗೆ, ಎಸರಿನ ಪಾತ್ರೆ ಎಲ್ಲವನ್ನೂ ದೇವಾಲಯದ ಹಿಂದೆ ಬೇವಿನ ಮರದ ಕೆಳಗೆ ಸಾಗಿಸಿ, ಮೂರು ಕಲ್ಲಿಟ್ಟು ಒಲೆ ಹೂಡಿದಳು. ಒಳಗೆ ಸಭೆ ತುಂಬಿತ್ತು, ಸುದ್ದಿ ಕೇಳಿ, ಸಭೆಗೆ ಬರುವುದನ್ನು ಬಿಟ್ಟವರೂ ಬಂದಿದ್ದರು. ಮಾರ್ತವ್ವ ತನ್ನ ಎಂದಿನ ಜಾಗದಲ್ಲಿ ಸೆರಗು ಬಿಗಿಯಾಗಿ ಹೊದ್ದು ಕೂತಿದ್ದಳು. ಮೇಜಿನ ಮೇಲೆ ಬಟ್ಟೆ ಇತ್ತು, ರೊಟ್ಟಿ ಇರಲಿಲ್ಲ. ಮುತ್ಯಾ ಕೇಳಿದ. ಆಯಿ ಎದ್ದು ನಿಂತು, ಈ ಸಲ ಧ್ವನಿ ಒಡೆಯದೆ, "ಇಲ್ರೀ. ಮಾರ್ತಕ್ಕನ ಮನೀದು ಬಂದಿಲ್ಲ" ಎಂದಳು. ಗಂಡಸರ ಕಡೆಯಿಂದ ಯಾರೋ "ಆಕೀಗೇ ಬ್ಯಾಡಾಗ್ಯದ, ಆಕೀನ್ ಬಿಟ್ಟು ಮಾಡ್ರಿ" ಎಂದರು. ಹಲವರು ತಲೆಯಾಡಿಸಿದರು. ಆಗ ಬಾಗಿಲ ಬಳಿಯಿಂದ ಲಚಮವ್ವ ಮಾತಾಡಿದಳು. "ಬ್ಯಾಡ್ರೀ, ಕಾಯೋಣ್ರೀ. ನಂದಿಲ್ದಾಗ ನೀವು ಉಣ್ಣಲಿಲ್ಲ. ಅಕ್ಕೋರ್ದು ಇಲ್ದ ನಾ ಹ್ಯಾಂಗ ಉಣ್ಲಿ?" ಮುತ್ಯಾ ಪಾಸ್ಟರ ಕಡೆ ತಿರುಗಿ, "ಇವತ್ತೂ ಇಲ್ರೀ ಪಾಸ್ಟರೇ" ಎಂದ.

ಮಾರ್ತವ್ವ ಎದ್ದು ಯಾರ ಕಡೆಗೂ ನೋಡದೆ ಹೊರಗೆ ನಡೆದುಬಿಟ್ಟಳು. ಎಲ್ಲ ಮುಗಿಯಿತು ಎಂದುಕೊಂಡೆವು. ರೂತತ್ತೆ ನನ್ನ ಕೈಯನ್ನು ನೋವಾಗುವ ಹಾಗೆ ಹಿಡಿದಿದ್ದಳು. ಆಯಿಯೂ ಮೆಲ್ಲಗೆ ಒಲೆ ಆರಿಸಲು ಹೊರಗೆ ಹೋದಳು. ಪಾಸ್ಟರು ಬಸ್ಸಿನ ಹೊತ್ತು ನೋಡಿಕೊಂಡರು. ಮುತ್ಯಾ ಬೇರೇನೂ ತೋಚದೆ ಹಾಡು ಎತ್ತಿದ. ಹಾಡು ಮುಗಿಯಿತು, ಇನ್ನೊಂದು ಹಾಡಿದೆವು, ಅದೂ ಮುಗಿಯುತ್ತ ಬಂದಾಗ ಹಿಂದಿನ ಕಿಟಕಿಯಿಂದ ರೊಟ್ಟಿ ಬೇಯುವ ವಾಸನೆ ಬಂತು. ನಾನು ಕಿಟಕಿಯ ಪಕ್ಕದಲ್ಲೇ ಕೂತಿದ್ದೆ. ಬಗ್ಗಿ ನೋಡಿದರೆ, ಪರಾತದ ಮುಂದೆ ಕೂತದ್ದು ಮಾರ್ತವ್ವ! ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು, ಲಚಮವ್ವನ ಹಿಟ್ಟೂ ತನ್ನ ಹಿಟ್ಟೂ ಕೂಡಿದ ಮುದ್ದೆಯನ್ನು ಅಂಗೈಯಿಂದ ತಿಕ್ಕುತ್ತಿದ್ದಳು. ಮನೆಗೆ ಓಡಿ ಹೋಗಿ ಹಿಡಿ ಹಿಟ್ಟು ತಂದಿದ್ದಳು. ಆಯಿ ಆಗಲೇ ಒಂದು ಚೂರು ಬಡಿದು ಹಂಚು ಕಾದಿದೆಯೇ ಎಂದು ನೋಡುತ್ತಿದ್ದಳು.

"ಎಸರು ಆರಿ ನೀರಾಗ್ಯದ. ಹಿಂಗ ನಾದಿದ್ರ ರೊಟ್ಟಿ ಒಡೀತದ. ನಿನಗ ವಯಸ್ಸಾತು ಬಿಡು" ಎನ್ನುತ್ತಿದ್ದಳು ಮಾರ್ತವ್ವ.

"ಬಾಯಿ ಬಿಟ್ಟು ಕೈ ನಡಸು ಬೇ. ಒಳಗ ಮಂದಿ ಹಾಡಿ ಹಾಡಿ ಸಾಯ್ಲಕತ್ತಾರ."

ಇಬ್ಬರೂ ಹೀಗೆ ಜಗಳಾಡುತ್ತ ದೊಡ್ಡ ರೊಟ್ಟಿಯನ್ನು ಹಂಚಿಗೆ ಹಾಕಿದರು, ಜಗಳಾಡುತ್ತಲೇ ಅದರ ಅಂಚು ಹೊತ್ತಿಸಿದರು. ಆ ಹೊತ್ತಿದ ಘಮ ಕಿಟಕಿಯಿಂದ ಒಳಗೆ ಬಂದು ಇಡೀ ಸಭೆಯನ್ನು ತುಂಬಿತು. ಮುತ್ಯಾ ಮತ್ತೆ ಎದ್ದು ಕೇಳಿದ. "ಬಂದದ್ರೀ" ಎಂಬ ದನಿಗಳಲ್ಲಿ ಎಲ್ಲರಿಗಿಂತ ಮೊದಲು ಕೇಳಿದ್ದು ಲಚಮವ್ವನ ದನಿ. ನಾನು ಭೋಜನ ತೆಗೆದುಕೊಳ್ಳುವ ವಯಸ್ಸಿನವಳಾಗಿರಲಿಲ್ಲ, ನನಗೆ ಸಿಕ್ಕಿದ್ದು ಆ ಘಮ ಒಂದೇ. ಪಾಸ್ಟರ ಬಸ್ಸು ಹೋಗಿಬಿಟ್ಟಿತ್ತು. ಅವರು ಆ ದಿನ ನಮ್ಮ ಮನೆಯಲ್ಲಿ ಉಂಡು, ಕೆಂಪು ಬಾಳೆಹಣ್ಣು ತಿಂದು, ಪರ್ಸಿ ನೆಲದ ಮೇಲೆ ಮಕ್ಕಳ ಹಾಗೆ ನಿದ್ದೆ ಮಾಡಿದರು.

ರೂತತ್ತೆಯ ಮದುವೆ ಅದೇ ಮನೆಗೆ ಆಯಿತು. ಒಂದೇ ದಿನಕ್ಕೆ ಮಾರ್ತವ್ವ ಬದಲಾದಳು ಎಂದು ಹೇಳಿದರೆ ನಿಮಗೆ ಸುಳ್ಳು ಹೇಳಿದಂತಾಗುತ್ತದೆ. ಎಷ್ಟೋ ವರ್ಷ ಅವಳು ಹಳ್ಳ ದಾಟಿ ಲಚಮವ್ವನ ಮನೆಗೆ ಹೋಗಲಿಲ್ಲ. ಬಸ್ ನಿಲ್ದಾಣದಲ್ಲಿ ಅವಳ ಹಣ್ಣು ಕೊಂಡು, ಕೆಟ್ಟ ಹಣ್ಣು ಕೊಟ್ಟಳೆಂದು ಬೈಯುತ್ತಿದ್ದಳು. ಆದರೆ ಅವಳ ಹಿಡಿ ಹಿಟ್ಟು ಒಂದು ತಿಂಗಳೂ ತಪ್ಪಲಿಲ್ಲ. ಕೊನೆಗಾಲದಲ್ಲಿ ಅವಳಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಾಗ, ಶನಿವಾರ ಸಂಜೆ ಅವಳ ಪಾಲಿನ ಹಿಟ್ಟು ತರಲು ಪರಾತ ಹೊತ್ತು ಹೋಗುತ್ತಿದ್ದವಳು ಲಚಮವ್ವ. ರೂತತ್ತೆ ಹೇಳುತ್ತಿದ್ದಳು, ಅತ್ತೆಯ ಬೆರಳು ಮಡಚುತ್ತಿರಲಿಲ್ಲವಂತೆ. ಲಚಮವ್ವ ಅವಳ ಅಂಗೈಯಲ್ಲಿ ಹಿಟ್ಟಿಟ್ಟು, ತನ್ನ ಕೈಯಿಂದ ಅವಳ ಬೆರಳು ಮಡಚಿ, ಹಾಗೆಯೇ ಎತ್ತಿ ಪರಾತಕ್ಕೆ ಹಾಕಿಸುತ್ತಿದ್ದಳಂತೆ.

ಈಗ ಅವರಲ್ಲಿ ಒಬ್ಬರೂ ಇಲ್ಲ. ರಸ್ತೆ ಅಗಲವಾದಾಗ ನಮ್ಮ ಮನೆ ಹೋಯಿತು, ಪರ್ಸಿ ಕಲ್ಲುಗಳನ್ನು ಯಾರು ಒಯ್ದರೋ ತಿಳಿಯದು. ಬೇವಿನ ಮರವೂ ಇಲ್ಲ. ದೇವಾಲಯವನ್ನು ಹೊಸದಾಗಿ ಕಟ್ಟಿದ್ದಾರೆ, ಚೆನ್ನಾಗಿದೆ, ಅಲ್ಲಿಗೂ ಈಗ ಡಬ್ಬಿಯ ಬಿಲ್ಲೆಯೇ ಬರುತ್ತದೆ. ಅದು ತಪ್ಪು ಎಂದು ನಾನು ಹೇಳುವುದಿಲ್ಲ, ಪ್ರಭು ಅದರಲ್ಲೂ ಇದ್ದಾನೆ. ಇಲ್ಲಿ ಜಗತ್ ವೃತ್ತದ ಕಡೆಯ ಅಂಗಡಿಗಳಲ್ಲಿ ಕೆಂಪು ಬಾಳೆ ಕಂಡಾಗಲೆಲ್ಲ ನಾನು ಒಂದು ಕೊಂಡು, ಮಾಗುವವರೆಗೆ ತಲೆದಿಂಬಿನ ಪಕ್ಕದಲ್ಲಿಡುತ್ತೇನೆ. ನೀವು ನಗುತ್ತೀರಿ. ನಗಿ.

ಜೀವನ್, ದೇವರು ಎಲ್ಲ ಕಡೆ ಇದ್ದಾನೆ ಎಂಬ ನಿನ್ನ ಮಾತು ನಿಜ. ಆದರೆ ನಿನ್ನ ಗಿಟಾರ್ ಬೇಡ ಎಂದ ಆ ಹುಡುಗ ಮೊಬೈಲಿನಲ್ಲಿ ಇಲ್ಲ. ಅವನು ಆ ಬೆಂಚಿನ ಮೇಲೆಯೇ ಇದ್ದಾನೆ. ನೀನು ಅವನನ್ನು ಬಿಟ್ಟು ಉಣ್ಣಬೇಡ, ಅವನು ನಿನ್ನನ್ನು ಬಿಟ್ಟು ಉಣ್ಣುವಂತೆಯೂ ಮಾಡಬೇಡ. ಮುಂದಿನ ಭಾನುವಾರ ನಾನು ಬೆಳಿಗ್ಗೆಯೇ ಸಿದ್ಧಳಾಗಿ ಕೂತಿರುತ್ತೇನೆ. ನನ್ನನ್ನು ಗಾಡಿಯ ಮೇಲೆ ಕೂರಿಸಿಕೊಂಡು ಹೋಗುವವನು ನೀನೇ. ನೀನು ಬರುವವರೆಗೆ ಕಾಯುತ್ತೇನೆ, ಕಾಯುವುದು ನನಗೆ ಗೊತ್ತು.

ಆಯಿಯ ಪರಾತ ನನ್ನ ಮಂಚದ ಕೆಳಗಿದೆ. ಅಂಚಿನಲ್ಲಿ ಸ್ವಲ್ಪ ಸೀಳಿದೆ, ಹಿಟ್ಟು ಸೋರುವುದಿಲ್ಲ. ನೀವಿಬ್ಬರೂ ಓದಿ ಮುಗಿಸಿದ ಮೇಲೆ ಈ ಹಾಳೆಗಳನ್ನು ಬಟ್ಟೆಯಲ್ಲಿ ಸುತ್ತಿ ಅದರೊಳಗೇ ಇಡುತ್ತೇನೆ. ನಾನಿಲ್ಲದ ದಿನ ನೀವಿಬ್ಬರೂ ಕೂಡಿಯೇ ಇದನ್ನು ಮತ್ತೆ ತೆಗೆಯಿರಿ, ಒಬ್ಬರನ್ನು ಬಿಟ್ಟು ಒಬ್ಬರು ತೆಗೆಯಬೇಡಿ. ಪರಾತವನ್ನು ಅಡುಗೆಮನೆಗೆ ಒಯ್ದು ಹಿಟ್ಟು ನಾದಿ, ಅದು ಅದಕ್ಕಾಗಿಯೇ ಇರುವುದು. ಹಾಳೆಗಳನ್ನು ಮಾತ್ರ ನೀರು ತಾಗದ ಕಡೆ, ಜೋಪಾನವಾಗಿ ಇಟ್ಟುಕೊಳ್ಳಿ.